ಕುರಣದ ನಕಾಶೆ

ಈಗಲೇ ಮನೆಗೆ ಹೋಗಿ ಹೇಳಿಬಿಟ್ಟರೆ? ಬೇಡ, ಸಂಜೆ ಊಟಕ್ಕೆ ಕೂತಾಗ ಹೇಳಿದರಾಯಿತು. ಊಟದ ಹೊತ್ತಿಗೆ ಹೇಳಿದರೆ ಅಪ್ಪ ಗಂಗಾಳ ಬಿಟ್ಟು ಎದ್ದು ಹೋಗುತ್ತಾನೆ. ಹಾಗಾದರೆ ನಾಳೆ ಬೆಳಿಗ್ಗೆ, ಗುಡಿಗೆ ನಡೆಯುವಾಗ? ದಾರಿಯಲ್ಲಿ ಜನ ಇರುತ್ತಾರೆ. ಅದಿರಲಿ, ಹೇಳಲೇಬೇಕೇನು? ಮಾವ ತಪ್ಪು ಮಾಡಿಲ್ಲ. ತಪ್ಪು ಮಾಡದವನು ನಾಳೆ ಬೀರಪ್ಪನ ಮುಂದೆ ಒಂದು ಹಿಡಿ ಭಂಡಾರ ಎತ್ತಿ ‘ನಾನಲ್ಲ’ ಅನ್ನುತ್ತಾನೆ. ದೇವರ ಅರಿಸಿನ ಕೈಯಲ್ಲಿ ಹಿಡಿದು ಆಡಿದ ಮಾತನ್ನು ಕುರಿಗಾರರಲ್ಲಿ ಯಾರೂ ಮತ್ತೆ ಕೆದಕುವುದಿಲ್ಲ. ಅಲ್ಲಿಗೆ ಎಲ್ಲ ಮುಗಿಯುತ್ತದೆ. ಹಾಗಿದ್ದ ಮೇಲೆ ತಾನು ಬಾಯಿ ಬಿಡುವ ಜರೂರಾದರೂ ಏನು?

ದತ್ತಾ ಇದೇ ಮಾತನ್ನು ಮೂರು ದಿನದಿಂದ ತನ್ನೊಳಗೆ ಮಗ್ಗಲು ಬದಲಿಸಿ ಬದಲಿಸಿ ಮಲಗಿಸುತ್ತಿದ್ದ. ಅದು ಮಲಗುತ್ತಿರಲಿಲ್ಲ. ಅವನ ಹಿಂದೆ ಪುಣೆಯಿಂದ ಬಂದ ಹದಿನಾಲ್ಕು ಜನ ಸಾಲುಗಟ್ಟಿ ಬರುತ್ತಿದ್ದರು. ಬೆನ್ನಿಗೆ ಚೀಲ, ಕೈಯಲ್ಲಿ ಅಲ್ಯೂಮಿನಿಯಮ್ಮಿನ ಊರುಗೋಲು. ರಾತ್ರಿ ಕೆರೆಯ ದಂಡೆಯ ಡೇರೆಗಳಲ್ಲಿ ಮಲಗಿ, ಹೊತ್ತು ಮೂಡುವಾಗ ಚಹಾ ಕುಡಿದು, ಈಗ ಕುರಣ ನೋಡಲು ಹೊರಟವರು.

“ದಾದಾ, ಇಲ್ಲಿ ತೋಳ ಐತಂತ, ಖರೇನಾ?” ಎಂದು ಹಿಂದಿನಿಂದ ಒಬ್ಬ ಹೆಂಗಸು ಮರಾಠಿಯಲ್ಲಿ ಕೇಳಿದಳು.

“ಐತ್ರಿ. ನಾವು ಅದನ್ನ ನೋಡೂದಿಲ್ಲ, ಅದು ನಮ್ಮನ್ನ ನೋಡತೈತಿ,” ಎಂದ ದತ್ತಾ. ಎಲ್ಲರೂ ನಕ್ಕರು. ಈ ಮಾತಿಗೆ ಪ್ರತಿ ತಂಡವೂ ಇದೇ ಜಾಗದಲ್ಲಿ ನಗುತ್ತಿತ್ತು.

ಕುರಣ ಅಂದರೆ ಸಂಸ್ಥಾನದ ಕಾಲದಲ್ಲಿ ಅರಸರು ಬೇಟೆಗೆಂದು ಕಾಯ್ದಿಟ್ಟ ಹುಲ್ಲಿನ ಕಾಡು. ಕರಿಜಾಲಿ, ಬಾರಿ, ತಂಗಡಿ, ಅಲ್ಲಲ್ಲಿ ಬೇವು. ನಡುವೆ ಅವರೇ ಕಟ್ಟಿಸಿದ ಎರಡು ಕೆರೆ. ದೊಡ್ಡ ಕೆರೆಯ ಏರಿಯ ಮೇಲೆ ಕಲ್ಲಿನ ಶಿಕಾರಿಮನೆ, ಮಾಳಿಗೆ ಬಿದ್ದು ಗೋಡೆ ಮಾತ್ರ ನಿಂತಿದೆ. ದತ್ತಾನ ಊರು ಬೆಳುಂಕಿಯ ಕುರಿಗಾರರಿಗೆ ಇದು ಬೇಟೆಯ ಕಾಡೂ ಅಲ್ಲ, ನೋಡುವ ಜಾಗವೂ ಅಲ್ಲ, ದಾರಿ. ದೀಪಾವಳಿ ಆದ ಮೇಲೆ ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆ ಹೋಗುವಾಗ ಕುರಣದೊಳಗೆ ಮೂರು ದಿನ ನಡೆಯಬೇಕು. ಎಲ್ಲಿ ತಂಗಬೇಕು, ಯಾವ ದಿನ್ನೆಯನ್ನು ಬಲಕ್ಕೆ ಬಿಟ್ಟು ಸುತ್ತಬೇಕು, ಕೆರೆ ಬತ್ತಿದ ವರ್ಷ ಹಳ್ಳದ ಉಸುಕು ಎಲ್ಲಿ ಕೆದರಿದರೆ ನೀರು ಒಸರುತ್ತದೆ, ಇವನ್ನು ಅಪ್ಪ ಮಗನಿಗೆ ನಡೆದು ತೋರಿಸಬೇಕು. ಬಾಯಲ್ಲಿ ಹೇಳುವಂತಿಲ್ಲ. ಹೊರಗಿನವರಿಗಂತೂ ತೋರಿಸುವಂತೆಯೇ ಇಲ್ಲ. ಜಾಡು ಮಂದಿಯ ಬಾಯಿಗೆ ಬಿದ್ದರೆ ಕುರಿಯ ಬಾಯಿಗೆ ಹುಲ್ಲು ಸಿಗುವುದಿಲ್ಲ ಎಂದು ಹಳಬರು ಅನ್ನುತ್ತಿದ್ದರು.

ಆ ಜಾಡನ್ನು ದತ್ತಾ ಬರೆದುಕೊಟ್ಟಿದ್ದ.

ಹೋದ ಬೇಸಗೆಯ ಮಾತು. ಅವನು ಜತ್ತದ ಕಾಲೇಜಿನಲ್ಲಿ ಭೂಗೋಳ ತಗೊಂಡು ಬಿ.ಎ. ಮುಗಿಸಿ, ಸರಕಾರಿ ಪರೀಕ್ಷೆಗೆ ಓದುತ್ತೇನೆ ಎಂದು ಜತ್ತದಲ್ಲೇ ಖೋಲಿ ಮಾಡಿಕೊಂಡು ಇದ್ದ. ಅಪ್ಪ ಅವ್ವ ಕುರಿಯ ಜೊತೆ ಕೃಷ್ಣೆಯ ದಂಡೆಯಲ್ಲಿದ್ದರು. ಆಗ ಪರಿಚಯವಾದವಳು ದೀಪಾಲಿ. ಜತ್ತದ ವ್ಯಾಪಾರಸ್ಥರ ಮನೆಯ ಹುಡುಗಿ, ಪುಣೆಯಲ್ಲಿ ಪ್ರವಾಸೋದ್ಯಮ ಕಲಿತು ಬಂದು, ಕುರಣದಲ್ಲಿ ಡೇರೆ ಹಾಕುವ ಕಂಪನಿಯ ಮ್ಯಾನೇಜರ್ ಆಗಿದ್ದಳು. “ನಿನಗ ಕುರಣ ಗೊತ್ತೈತೇನೋ?” ಎಂದು ಕೇಳಿದಳು. ಇಷ್ಟು ದಿನ ಯಾರೂ ಅವನಿಗೆ ಗೊತ್ತಿರುವುದನ್ನು ಕೇಳಿರಲಿಲ್ಲ. ಪರೀಕ್ಷೆಗಳಲ್ಲಿ ಕೇಳುತ್ತಿದ್ದುದೆಲ್ಲ ಅವನಿಗೆ ಗೊತ್ತಿಲ್ಲದ್ದೇ.

ಆರು ದಿನ ಅವನು ಅವಳ ಜೊತೆ ಕುರಣ ತಿರುಗಿದ. ಹತ್ತು ವರ್ಷದ ಹುಡುಗನಾಗಿದ್ದಾಗ ಅಪ್ಪನ ಹಿಂದೆ ನಡೆದದ್ದು ಬಿಟ್ಟರೆ ಆ ಕಡೆ ಕಾಲಿಟ್ಟವನಲ್ಲ. ಆದರೆ ಕಾಲಿಗೆ ಎಲ್ಲ ನೆನಪಿತ್ತು. ಸಂಜೆ ಖೋಲಿಗೆ ಬಂದು ಕಾಗದ ಹಾಸಿ, ಏರು ಇಳಿವುಗಳ ಗೆರೆ ಎಳೆದು, ಹಳ್ಳ ಬರೆದು, ತಂಗುವ ಜಾಗಕ್ಕೆ ಚುಕ್ಕಿ ಇಟ್ಟು, ಕಡೆಗೆ ಕರಿಗುಂಡು ಎಂಬ ಬಂಡೆಯ ಬುಡದ ವರತಿಯನ್ನೂ ನೀಲಿ ಬಣ್ಣದಲ್ಲಿ ಗುರುತು ಮಾಡಿದ. ಉಸುಕು ಕೆದರಿದರೆ ಮಾತ್ರ ನೀರು ಕೊಡುವ ಜಾಗ ಅದು. ಅಪ್ಪ, ಮಾವ ಮತ್ತು ತಾನು, ಮೂವರಿಗೇ ಗೊತ್ತಿದ್ದದ್ದು. ಗುರುತು ಮಾಡುವಾಗ ಒಂದು ಗಳಿಗೆ ಪೆನ್ಸಿಲು ನಿಂತಿತ್ತು. ಆಮೇಲೆ ಇಟ್ಟೇಬಿಟ್ಟ. ಸಾಲೆಯಲ್ಲಿ ಕಲಿತದ್ದೂ ಅಪ್ಪನ ಹಿಂದೆ ನಡೆದು ಕಲಿತದ್ದೂ ಹುಟ್ಟಿದಾಗಿನಿಂದ ಬೇರೆ ಬೇರೆ ಮನೆಯಲ್ಲಿ ಬೆಳೆದ ಅಣ್ಣತಮ್ಮಂದಿರ ಹಾಗೆ ಇದ್ದವು. ಆ ಕಾಗದದ ಮೇಲೆ ಮೊದಲ ಸಲ ಎರಡೂ ಒಂದಾಗಿದ್ದವು. ಅಂಥ ಸುಖವನ್ನು ದತ್ತಾ ಅದಕ್ಕೂ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ನಕಾಶೆ ಅಚ್ಚಾಗಿ ಬಂತು. ಇಂಗ್ಲಿಷಿನಲ್ಲಿ. ದಾರಿಗೆ ‘ಕುರುಬರ ಜಾಡು’ ಎಂದೇ ಇಂಗ್ಲಿಷಿನ ಹೆಸರಿಟ್ಟಿದ್ದರು. ಅದನ್ನು ತೋರಿಸಿಯೇ ಕಂಪನಿ ಪರವಾನಗಿ ತಂದಿತು. ದೀಪಾವಳಿಗೆ ಮುಂಚೆ ಸುತ್ತಲೂ ಮುಳ್ಳುತಂತಿ ಬಂತು, ಎರಡು ಗೇಟು ಬಂದವು, ಗೇಟಿಗೆ ಕಾವಲುಗಾರ ಬಂದ. ಪ್ರವಾಸಿಗಳು ನಡೆಯುವ ದಾರಿಯಲ್ಲಿ ಕುರಿ ಬಿಡುವಂತಿಲ್ಲ ಎಂದು ಬೋರ್ಡೂ ಬಂತು.

ಕಾರ್ತಿಕದಲ್ಲಿ ಅಪ್ಪ ತುಕಾರಾಮ, ಸೋದರಮಾವ ಅಮೋಗಸಿದ್ದ ಇಬ್ಬರೂ ತಮ್ಮ ಹಿಂಡುಗಳನ್ನು ಕೂಡಿಸಿಕೊಂಡು ಗೇಟಿನ ಮುಂದೆ ನಿಂತರು. ಇಪ್ಪತ್ತೆರಡು ವರ್ಷದಿಂದ ಎರಡು ಹಿಂಡೂ ಕೂಡಿಯೇ ನಡೆದಿದ್ದವು. ಒಬ್ಬ ಮುಂದೆ, ಒಬ್ಬ ಹಿಂದೆ. ಹಾಗಲ್ಲದೆ ಅಷ್ಟು ಕುರಿ ದಾರಿ ಸಾಗುವುದಿಲ್ಲ. ಕಾವಲುಗಾರ ಬಿಡಲಿಲ್ಲ. ಬೇರೆ ಉಪಾಯವಿಲ್ಲದೆ ಡಾಂಬರು ರಸ್ತೆ ಹಿಡಿದರು. ಮೂರನೆಯ ದಿನ ನಸುಕಿನಲ್ಲಿ ಒಂದು ತಿರುವಿನಲ್ಲಿ ಉಸುಕಿನ ಟಿಪ್ಪರು ಹಿಂಡಿನೊಳಗೆ ನುಗ್ಗಿತು. ಹತ್ತೊಂಬತ್ತು ಕುರಿ ಸತ್ತವು. ಹೆಚ್ಚಿನವು ಗಬ್ಬದ ಕುರಿಗಳು. ಉಳಿದದ್ದನ್ನು ತಿರುಗಿಸಿಕೊಂಡು ಬೆಳುಂಕಿಗೆ ಬಂದರು. ಬಂದ ದಿನದಿಂದ ಅಪ್ಪ ಒಂದೇ ಮಾತು ಹಿಡಿದಿದ್ದ: ಜಾಡು ಹೇಳಿಕೊಟ್ಟವರು ಯಾರು? ತಾನು ಬೇಸಗೆಯಲ್ಲಿ ಊರಲ್ಲಿರಲಿಲ್ಲ. ಮಗ ಜತ್ತದಲ್ಲಿ ಓದುತ್ತಿದ್ದ, ಡೇರೆಯ ಕೆಲಸಕ್ಕೆ ಸೇರಿದ್ದು ದೀಪಾವಳಿಗೆ. ಕುರಿ ಕೃಷ್ಣೆಗೆ ಮುಟ್ಟಿಸಿ, ಮೊಣಕಾಲು ನೋವೆಂದು ತಿರುಗಿ ಬಂದು ಬೇಸಗೆಯಿಡೀ ಊರಲ್ಲೇ ಉಳಿದವನು ಒಬ್ಬನೇ. ಅಮೋಗಸಿದ್ದ.

“ಈಗ ಕುರುಬರು ಈ ದಾರೀಲೆ ಬರತಾರೇನ್ರಿ?” ಅದೇ ಹೆಂಗಸು ಕೇಳಿದಳು. ಅವರು ಕರಿಗುಂಡಿನ ಹತ್ತಿರ ಬಂದಿದ್ದರು.

“ಇಲ್ರಿ,” ಎಂದ ದತ್ತಾ. “ಈಗ ಬರೂದಿಲ್ಲ.”

“ಅಯ್ಯೋ, ಬಂದಿದ್ರ ಫೋಟೋ ತೆಗೀಬಹುದಿತ್ತು.”

ಡೇರೆಗಳಿಗೆ ಮರಳಿದ ಮೇಲೆ ದೀಪಾಲಿ ಅವನನ್ನು ಕರೆದಳು. “ಏನೋ ಇದು, ಮಾರಿ ಹಂಗ ಹಾಕ್ಕೊಂಡು ತಿರಗ್ಯಾಡ್ತಿ? ಡೇರೇಕ ಬಂದ ಪಾವಣ್ಯಾರು ತೋಳಕ್ಕಿಂತ ನಿನಗ ಹೆಚ್ಚ ಅಂಜಾಕತ್ಯಾರ.”

“ಮೇಡಂ, ನಕಾಶೇದಾಗಿಂದ ನನ್ನ ಹೆಸರ ತೆಗೀರಿ.”

“ಮತ್ತ ಅದನ್ನ ಹಚ್ಚಿದಿ? ಮಂದಿ ಹೆಸರ ಹಾಕಲಿಲ್ಲಂತ ಜಗಳಾ ಮಾಡ್ತಾರ, ನೀ ಹಾಕೀರಂತ ಅಳ್ತಿ.” ಅವಳು ನಕ್ಕಳು. ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ. “ಸಾವಿರ ಕಾಪಿ ಅಚ್ಚಾಗ್ಯಾವೊ ಮಾರಾಯ. ಮುಂದಿನ ಸಲ ನೋಡೂಣಂತ. ಯಾಕ, ಮನ್ಯಾಗ ಏನರ ಅಂದ್ರೇನು?”

“ಏನಿಲ್ರಿ.”

“ಏನಿಲ್ಲಂದ್ರ ಹೋಗು, ಉಂಡು ಬಾ.”

ನಾಳೆ ಒಂದು ಹೊತ್ತಿನ ರಜೆ ಕೇಳಿಕೊಂಡು ದತ್ತಾ ಮನೆಗೆ ಬಂದ.

ಮನೆಯ ಮುಂದೆ ಬೇಲಿಯೊಳಗೆ ಎರಡೂ ಹಿಂಡಿನ ಕುರಿ ಒಟ್ಟಿಗೆ ನಿಂತಿದ್ದವು. ಮೇಯಲು ಹೋಗಿ ಬಂದರೂ ಹೊಟ್ಟೆ ತುಂಬಿರಲಿಲ್ಲ. ಸುತ್ತಲಿನ ಹೊಲಗಳಲ್ಲಿ ಹಿಂಗಾರಿ ಜೋಳ ನಿಂತಿತ್ತು, ಬಾಯಿ ಹಾಕಿದರೆ ಹೊಲದವರು ಬಡಿಗೆ ಹಿಡಿದು ಬರುತ್ತಿದ್ದರು. ಇನ್ನು ಎಂಟು ದಿನದಲ್ಲಿ ಕೃಷ್ಣೆಯ ಕಡೆ ಹೊರಡದಿದ್ದರೆ ಸಣ್ಣ ಮರಿಗಳು ಉಳಿಯುವುದಿಲ್ಲ. ಹೊರಡಬೇಕಾದರೆ ಇಬ್ಬರು ಗಂಡಸರು ಬೇಕು. ಇಬ್ಬರು ಗಂಡಸರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅವ್ವ ಯಲ್ಲವ್ವ ರೊಟ್ಟಿ ಬಡಿಯುತ್ತ, “ಕೂಸ ಇದ್ದಾಗಿಂದ ನಾ ಎತ್ತಿ ಆಡಿಸೇನಿ ಅವನ್ನ,” ಅಂದಳು. “ಅಂವ ಹಂತಾ ಕೆಲಸ ಮಾಡೂ ಪೈಕಿ ಅಲ್ಲ.”

“ನಿನ್ನ ತಮ್ಮ ದೇವರು, ನಾ ದೆವ್ವ,” ಎಂದ ತುಕಾರಾಮ. “ಭಂಡಾರ ಎತ್ತಲಿ. ಎತ್ತಿದಾ ಅಂದ್ರ ಮಂದ್ಯಾಗ ಅವನ ಕಾಲ ಹಿಡೀತೀನಿ. ಆತಿಲ್ಲ?”

“ಎತ್ತಲಿಲ್ಲಂದ್ರ?”

“ಎತ್ತಲಿಲ್ಲಂದ್ರ ನಿನಗ ತವರಮನಿ ಇಲ್ಲಂತ ತಿಳಕೊ.”

ರೊಟ್ಟಿ ಬಡಿಯುವ ಸದ್ದು ನಿಂತಿತು. ಮತ್ತೆ ಶುರುವಾಯಿತು.

ದತ್ತಾ ಗೋಡೆಗೆ ಒರಗಿ ಕೂತಿದ್ದ. “ಅಪ್ಪಾ, ಈಗಿನ ಕಾಲದಾಗ ಯಾರರ ಹೇಳಬೇಕಂತಿಲ್ಲ. ಆಕಾಶದಾಗಿಂದ ಫೋಟೋ ತೆಗೀತಾರ. ಜಾಡು ಪೂರಾ ಕಾಣತೈತಿ ಅದರಾಗ.”

“ಆಕಾಶದಾಗಿಂದ ಕರಿಗುಂಡಿನ ವರತಿ ಕಾಣತೈತೇನೋ? ಉಸುಕಿನ ತೆಳಗ ಇದ್ದದ್ದು?”

ದತ್ತಾ ರೊಟ್ಟಿಯ ಗಂಗಾಳ ತನ್ನ ಕಡೆ ಎಳೆದುಕೊಂಡ.

ತುಕಾರಾಮನ ದನಿ ಮೆತ್ತಗಾಯಿತು. “ನಿನಗ ಎಲ್ಲಿ ನೆನಪ ಇದ್ದೀತು ಬಿಡು. ಹತ್ತು ವರ್ಷದಾಂವ ಇದ್ದಿ. ನಾನ ನಿನಗ ಕುರಿ ಬಿಡಿಸಿ ಸಾಲಿಗೆ ಹಾಕಿದೆ. ಮರತಿದ್ದ ಚಲೋನ ಆತು. ಕಲ್ತ ಮನಷ್ಯಾನ ತಲ್ಯಾಗ ಇವೆಲ್ಲ ಇರಬಾರದು.” ಹೊರಗೆ ಬೇಲಿಯ ಕಡೆ ನೋಡುತ್ತ, “ಆದ್ರೂ ಒಮ್ಮೊಮ್ಮೆ ಅನಸತೈತಿ, ನನ್ನ ಹಿಂದ ಅದು ಯಾರಿಗಿ ಗೊತ್ತಿರತೈತಿ ಅಂತ,” ಎಂದ.

ಅಪ್ಪ ಇಂಥ ಮಾತು ಆಡುವವನಲ್ಲ. ಈ ಮಾತಿಗೆ ದತ್ತಾ ಇಷ್ಟು ವರ್ಷ ಕಾದಿದ್ದ, ತನಗೇ ತಿಳಿಯದ ಹಾಗೆ. ನನಗೆ ಗೊತ್ತು ಅಪ್ಪಾ, ಒಂದು ಕಲ್ಲೂ ಮರೆತಿಲ್ಲ, ಅನ್ನಬಹುದಾಗಿತ್ತು. ಆದರೆ ಅದನ್ನು ಹೇಳಿದರೆ ಇನ್ನೊಂದನ್ನೂ ಹೇಳಿದ ಹಾಗೆಯೇ. ಎರಡೂ ಒಂದೇ ಮಾತು. ಅವನು ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಂಡ. ಮಾವ ಹೇಗೂ ನಾಳೆ ಭಂಡಾರ ಎತ್ತುತ್ತಾನೆ ಎಂದು ಮತ್ತೊಮ್ಮೆ ಹೇಳಿಕೊಂಡ.

ಬೀರಪ್ಪನ ಗುಡಿ ಊರ ಹೊರಗೆ, ಒಂದು ಬೇವಿನ ಮರದ ಕೆಳಗೆ. ಬೆಳಿಗ್ಗೆ ಹತ್ತಕ್ಕೆಲ್ಲ ಹಿರಿಯರು ಏಳೆಂಟು ಜನ ಕಂಬಳಿ ಹಾಸಿಕೊಂಡು ಕೂತಿದ್ದರು. ಯಲ್ಲವ್ವ ಹೆಂಗಸರ ಜೊತೆ ದೂರದಲ್ಲಿ ನಿಂತಿದ್ದಳು. ಅಮೋಗಸಿದ್ದ ಕೋಲೂರಿಕೊಂಡು ಕುಂಟುತ್ತ ಬಂದ. ಬಂದವನೇ ದತ್ತಾನನ್ನು ನೋಡಿ, “ಏನೋ ಸಾಹೇಬ, ಡೂಟಿ ಬಿಟ್ಟು ಬಂದಿ?” ಎಂದು ನಕ್ಕ. ದತ್ತಾ ಸಣ್ಣವನಿದ್ದಾಗಿನಿಂದ ಮಾವ ಅವನನ್ನು ಸಾಹೇಬ ಎಂದೇ ಕರೆಯುತ್ತಿದ್ದ. ಮೊದಲ ದಿನ ಸಾಲೆಗೆ ಕೈ ಹಿಡಿದು ಕರೆದೊಯ್ದವನೂ ಅವನೇ.

ತುಕಾರಾಮ ಅಂಗಿಯ ಕಿಸೆಯಿಂದ ಒಂದು ಕಾಗದ ತೆಗೆದ. ನಾಲ್ಕು ಮಡಿಕೆಯದು, ಮೇಲೆಲ್ಲ ಕೆಂಪು ಮಣ್ಣು. ನಕಾಶೆ. ಪ್ರವಾಸಿಗಳು ಗೇಟಿನ ಹೊರಗೆ ಎಸೆದದ್ದನ್ನು ಎತ್ತಿಕೊಂಡು ಬಂದಿದ್ದ.

“ಇದರಾಗ ಏನೇನ ಬರದಾರ, ಎಲ್ಲಾರೂ ಕೇಳ್ರಿ,” ಎಂದ ತುಕಾರಾಮ. “ಇಂಗ್ರೇಜಿ ಐತಿ. ದತ್ತಾ, ಓದು.”

“ಅಪ್ಪಾ, ಅದನ್ನೇನ ಓದೂದು...”

“ಓದೋ ತಮ್ಮಾ,” ಎಂದ ಪೂಜಾರಿ. “ಮಂದ್ಯಾಗ ಇಂಗ್ರೇಜಿ ಬಲ್ಲಾಂವ ನೀ ಒಬ್ಬನ ಅದಿ. ನಮಗ ಮರಾಠಿನ ಕೂಡಿಸಿ ಕೂಡಿಸಿ ಓದೂದು.”

ಕಾಗದ ಬಿಚ್ಚಿ ದತ್ತಾ ಓದಿದ. ತಾನೇ ಇಂಗ್ಲಿಷಿಗೆ ಹಾಕಿದ ಹೆಸರುಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದು ಹೇಳಿದ. ತೋಳನ ದಿನ್ನಿ. ಸಣ್ಣ ಕೆರಿ. ಅವಳಿ ಬೇವು. ಮೊದಲನೇ ತಂಗು. ಎರಡನೇ ತಂಗು. ಪ್ರತಿ ಹೆಸರಿಗೂ ತುಕಾರಾಮ ತಲೆಯಾಡಿಸುತ್ತಿದ್ದ. ಸತ್ತವರ ಹೆಸರು ಹೇಳುವಾಗ ಹತ್ತಿರದವರು ಹಾಗೆ ತಲೆಯಾಡಿಸುತ್ತಾರೆ. ಕರಿಗುಂಡಿನ ವರತಿ ಅಂದಾಗ ಮಾತ್ರ ಅವನು ಕಣ್ಣು ಮುಚ್ಚಿದ.

“ಮುಗೀತೇನು?” ಪೂಜಾರಿ ಕೇಳಿದ.

“ಮುಗೀತ್ರಿ.”

“ಕೆಳಗ ಸಣ್ಣಕ ಒಂದ ಸಾಲ ಐತಲ್ಲ. ಅದೇನು?” ಹತ್ತಿರ ಕೂತಿದ್ದ ಮುದುಕ ಬಗ್ಗಿ ನೋಡಿ ಬೆರಳಿಟ್ಟ.

ಜಾಡು ನಡೆದು ನಕಾಶೆ ಬರೆದವರು, ಎಂದಿತ್ತು ಅಲ್ಲಿ. ಮುಂದೆ ದತ್ತಾನ ಹೆಸರು, ಅಪ್ಪನ ಹೆಸರು, ಊರಿನ ಹೆಸರು. ಮುದುಕನ ಬೆರಳು ಸರಿಯಾಗಿ ತುಕಾರಾಮ ಎಂಬ ಅಕ್ಷರಗಳ ಮೇಲೆ ಕೂತಿತ್ತು.

“ಅದು ಛಾಪಖಾನಿ ಹೆಸರರಿ, ಇದನ್ನ ಅಚ್ಚ ಹಾಕಿದಾವ್ರದು,” ಎಂದ ದತ್ತಾ.

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಮುದುಕ ಬೆರಳು ತೆಗೆದ. ಪೂಜಾರಿ ಗದ್ದುಗೆಯ ಮುಂದಿನಿಂದ ಭಂಡಾರದ ತಾಟು ತಂದು ಅಮೋಗಸಿದ್ದನ ಮುಂದೆ ಇಟ್ಟ.

“ನೋಡಪಾ, ಹೆಚ್ಚ ಮಾತ ಬ್ಯಾಡ. ‘ಕುರಣದ ದಾರಿ, ನೀರು, ಹೊರಗಿನಾವ್ರಿಗಿ ನಾ ತೋರಿಸಿಲ್ಲ’ ಅನ್ನು. ಹಿಡಿ ಎತ್ತು. ಮನಿಗಿ ನಡಿ. ನಿಮ್ಮ ಭಾವ ನಿನ್ನ ಕಾಲ ಬೀಳಾಕ ಕಾದ ಕುಂತಾನ.” ಯಾರೋ ನಕ್ಕರು. ಇದು ಇಲ್ಲಿಗೆ ಮುಗಿಯುತ್ತದೆ ಎಂದು ಎಲ್ಲರ ಮುಖದಲ್ಲೂ ಇತ್ತು.

ಅಮೋಗಸಿದ್ದ ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಕೂತ. ಕೈ ಚಾಚಿದ. ಅರಿಸಿನದ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಎತ್ತು ಮಾವಾ, ಎತ್ತು, ಎಂದು ದತ್ತಾ ಒಳಗೊಳಗೆ ಬೇಡಿಕೊಂಡ.

“ದಾರಿ ತೋರಿಸಿಲ್ಲ,” ಎಂದ ಅಮೋಗಸಿದ್ದ ನಿಧಾನಕ್ಕೆ. “ಆದ್ರ ನೀರು...”

“ಏನು ನೀರು?”

“ಹ್ವಾದ ಬ್ಯಾಸಗಿ ಒಬ್ಬ ಹುಡಗ ಬಂದಿದ್ದ. ಪ್ಯಾಟಿ ಕಡ್ಯಾಂವ. ಕೊಳ್ಳಾಗ ಕ್ಯಾಮೆರಾ ಇತ್ತು. ಎಮ್ಮಿ ಹುಡಕ್ಕೋತ ನಾ ಕುರಣದಾಗ ಹ್ವಾದಾಗ ಕರಿಗುಂಡಿನ ಬಾಜೂಕ ಬಿದ್ದಿದ್ದ. ಬಿಸಲ ಹೊಡದಿತ್ತು. ತುಟಿ ಒಡದು ರಕ್ತ ಬಂದಿತ್ತು. ನನ್ನ ಹಂತ್ಯಾಕ ನೀರ ಇರಲಿಲ್ಲ. ಉಸುಕ ಕೆದರಿ ಕುಡಿಸಿದೆ.”

“ಜೀಂವ ಹೋಗತಿತ್ತರಿ,” ಎಂದ ಅವನು, ಕ್ಷಮೆ ಕೇಳುವವನ ಹಾಗೆ ಅಲ್ಲ, ನಡೆದದ್ದು ಹೇಳುವವನ ಹಾಗೆ. “ಅಂವ ಹೋಗಿ ಯಾರಿಗಿ ಹೇಳ್ಯಾನೋ ಏನೋ. ಹೇಳಿಲ್ಲಂತ ನಾ ಹೆಂಗ ಅನ್ನಲಿ? ತೋರಿಸಿಲ್ಲಂತ ಭಂಡಾರ ಮುಟ್ಟಿದ್ರ ಸುಳ್ಳ ಆಗತೈತಿ. ನಾ ಎತ್ತಂಗಿಲ್ಲ.” ಅವನು ಕೈ ಹಿಂದೆ ತೆಗೆದುಕೊಂಡ.

ಪೂಜಾರಿ ಏನೋ ಹೇಳಲು ಬಾಯಿ ತೆರೆದ. ನೀರು ಕೊಟ್ಟದ್ದು ಪಾಪವಲ್ಲ ಎಂದು ಹೇಳುತ್ತಿದ್ದನೋ ಏನೋ. ಅಷ್ಟರಲ್ಲಿ ತುಕಾರಾಮ ಎದ್ದು ನಿಂತಿದ್ದ.

“ಕೇಳಿದ್ರಿ? ಹತ್ತೊಂಬತ್ತ ಜೀಂವ ಹೋದು. ನನ್ನ ದಾರಿ ಹೋತು. ಯಾಕಂದ್ರ ಒಬ್ಬಂವಗ ನೀರಡಿಸಿತ್ತು.”

“ಭಾವಾ...”

“ನನಗ ಭಾವ ಅನಬ್ಯಾಡ.”

“ಅನ್ನಂಗಿಲ್ಲ ಬಿಡು,” ಎಂದ ಅಮೋಗಸಿದ್ದ. “ನಿನ್ನ ಸಿಟ್ಟ ಖರೇ ಐತಿ.”

ಇದೇ ಆ ಗಳಿಗೆ. ದತ್ತಾನ ಕೈಯಲ್ಲಿ ಕಾಗದವಿತ್ತು. ಬಿಚ್ಚಿ ಹಿಡಿದು ಕೆಳಗಿನ ಸಾಲು ಓದಿದ್ದರೆ ಸಾಕಾಗಿತ್ತು, ಬೇರೆ ಮಾತೇ ಬೇಕಿರಲಿಲ್ಲ. ಅವನು ಅದನ್ನು ಮೊದಲು ನಾಲ್ಕು ಮಡಿಕೆ ಮಾಡಿದ, ಆಮೇಲೆ ಎಂಟು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ದೂರದಲ್ಲಿ ಕುಸಿದು ಕೂತದ್ದು ಕಂಡಿತು. ಅವನು ಅವಳ ಕಡೆ ಹೋದ, ಏಳಿಸಿದ, ನೀರು ಕುಡಿಸಿದ. ಅದು ಕೂಡ ಒಂದು ಕೆಲಸವೇ ಆಗಿತ್ತಲ್ಲ. ಯಾರೂ ಅವನನ್ನು ಮತ್ತೇನೂ ಕೇಳಲಿಲ್ಲ.

ಮಧ್ಯಾಹ್ನ ಹಿಂಡು ಒಡೆದರು.

ಒಟ್ಟಿಗೆ ಬೆಳೆದ ಹಿಂಡನ್ನು ಕೈಯಿಂದ ಎಳೆದು ಬೇರೆ ಮಾಡುವ ಪದ್ಧತಿ ಇಲ್ಲ. ಬೇಲಿ ತೆಗೆದು, ಇಬ್ಬರು ಮಾಲಕರು ಎರಡು ಕಡೆ ನಿಂತು ತಮ್ಮ ತಮ್ಮ ಕೂಗು ಹಾಕಬೇಕು. ಕುರಿ ತನ್ನವನ ದನಿ ಹಿಡಿದು ಹೋಗುತ್ತದೆ. ಕಿವಿಯ ಗುರುತು ನೋಡುವುದು ಆಮೇಲೆ. ತುಕಾರಾಮ ಪಡುವಣಕ್ಕೆ ನಿಂತು ನಾಲಗೆ ಮಡಚಿ ಟ್ರ್ರ್ರ ಎಂದ. ಅಮೋಗಸಿದ್ದ ಮೂಡಣಕ್ಕೆ ನಿಂತು ಹಾವ್ ಹಾವ್ ಎಂದ. ಇಪ್ಪತ್ತೆರಡು ವರ್ಷ ಈ ಎರಡು ದನಿಗಳೂ ಒಂದರ ಹಿಂದೆ ಒಂದು ಕೇಳಿಸುತ್ತಿದ್ದವು, ಮುಂದಿನವನು ಕರೆಯುವುದು, ಹಿಂದಿನವನು ಅಟ್ಟುವುದು. ಕುರಿಗಳಿಗೆ ಗೊತ್ತಿದ್ದದ್ದು ಅಷ್ಟೇ. ಅವು ತುಕಾರಾಮನ ಕಡೆ ನಾಲ್ಕು ಹೆಜ್ಜೆ ಹೋದವು, ಅಮೋಗಸಿದ್ದನ ದನಿ ಕೇಳಿ ಅಟ್ಟಿದಂತಾಗಿ ಇನ್ನಷ್ಟು ತುಕಾರಾಮನ ಕಡೆಗೇ ಓಡಿದವು. ಅಮೋಗಸಿದ್ದ ಮತ್ತೆ ಮತ್ತೆ ಕೂಗಿದ. ಕೂಗಿದಷ್ಟೂ ಅವನ ಕುರಿ ಅವನಿಂದ ದೂರ ಹೋದವು.

ನೋಡುತ್ತಿದ್ದವರಲ್ಲಿ ಒಬ್ಬ, “ಕುರಿ ಕೋರ್ಟ್ ತೀರ್ಪು ಕೊಟ್ಟತು,” ಎಂದ. ಯಾರೂ ನಗಲಿಲ್ಲ.

ಕಡೆಗೆ ಕಿವಿಯ ಗುರುತು ಹುಡುಕಿ, ಕಾಲು ಹಿಡಿದೇ ಎಳೆದು ಬೇರೆ ಮಾಡಬೇಕಾಯಿತು. ದತ್ತಾ ಎಳೆದ. ಮಾವನ ಕುರಿಗಳನ್ನು ಒಂದೊಂದಾಗಿ ಎತ್ತಿ ಮೂಡಣಕ್ಕೆ ಒಯ್ದು ಬಿಟ್ಟ. ಪ್ರತಿ ಸಲವೂ ಮಾವ, “ಸಾಕ ಸಾಹೇಬ, ಅಂಗಿ ಹೊಲಸ ಆಗತೈತಿ,” ಎನ್ನುತ್ತಿದ್ದ.

ಮರುದಿನ ಶನಿವಾರ. ಡೇರೆಗಳಿಗೆ ಮೂವತ್ತು ಜನ ಬರುವವರಿದ್ದರು. ಬೆಳಿಗ್ಗೆ ಅವನು ಹೊರಡುವಾಗ ಅಪ್ಪ ಕೇಳಿದ: “ನಾಕ ವಾರ ಸೂಟಿ ಸಿಗತೈತೇನೊ? ಹಿಂದ ಒಬ್ಬಾಂವ ಬೇಕು. ರಸ್ತಾದ ಮ್ಯಾಲೆ ಹೋಗೂದಂದ್ರ.”

“ಸೀಜನ್ ಐತಿ ಅಪ್ಪಾ. ಬಿಡಂಗಿಲ್ಲ.”

ಅವನು ಕೇಳಿಯೇ ಇರಲಿಲ್ಲ. ಕೇಳಿದ್ದರೆ ದೀಪಾಲಿ ಬಿಡುತ್ತಿದ್ದಳು. ಆದರೆ ಅಪ್ಪನ ಬೆನ್ನು ನೋಡುತ್ತ ನಾಲ್ಕು ವಾರ ನಡೆಯುವುದು ಅವನಿಂದ ಆಗುವಂತಿರಲಿಲ್ಲ. ಯಲ್ಲವ್ವ ಹಿಂದೆ ನಡೆದಳು. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಕೆಂಪು ಬಟ್ಟೆ ಕಟ್ಟಿದ ಕೋಲು ಹಿಡಿದು, ಲಾರಿ ಬಂದಾಗಲೆಲ್ಲ ಅದನ್ನು ಬೀಸುತ್ತ. ತಮ್ಮನ ಮನೆಯ ಮುಂದೆ ಹಾದುಹೋಗುವಾಗ ಅವಳು ಆ ಕಡೆ ತಿರುಗಿ ನೋಡಲಿಲ್ಲವಂತೆ. ನೋಡಬಾರದೆಂದು ಅಪ್ಪ ಹೇಳಿದ್ದ.

ಅಮೋಗಸಿದ್ದನಿಗೆ ಹಿಂದೆ ನಡೆಯಲೂ ಯಾರಿರಲಿಲ್ಲ. ಸಂಕ್ರಾಂತಿಗೆ ಮುಂಚೆಯೇ ಎಲ್ಲ ಕುರಿ ಮಾರಿದ. ದ್ರಾಕ್ಷಿ ಒಣಗಿಸುವ ಒಂದು ಶೆಡ್ಡಿನಲ್ಲಿ ವಾಚಮನ್ ಆದ ಎಂದು ಯಾರೋ ಹೇಳಿದರು. ದತ್ತಾ ಕೇಳಿಸಿಕೊಂಡ. ವಾರಕ್ಕೆ ಎರಡು ತಂಡ, ಒಮ್ಮೊಮ್ಮೆ ಮೂರು. ತೋಳ ನಮ್ಮನ್ನು ನೋಡುತ್ತದೆ ಎಂದು ಅದೇ ಜಾಗದಲ್ಲಿ ಹೇಳಿದ, ಅವರು ನಕ್ಕರು. ಕರಿಗುಂಡಿನ ಹತ್ತಿರ ಈಗ ಕಂಪನಿಯವರು ಸಿಮೆಂಟಿನ ಕಟ್ಟೆ ಕಟ್ಟಿಸಿದ್ದರು. ಕಟ್ಟೆಯ ಭಾರಕ್ಕೋ ಏನೋ, ಉಸುಕು ಎಷ್ಟು ಕೆದರಿದರೂ ನೀರು ಬರುತ್ತಿರಲಿಲ್ಲ. ಪ್ರವಾಸಿಗಳು ಅದರ ಮೇಲೆ ಕೂತು ಬಾಟಲಿಯ ನೀರು ಕುಡಿಯುತ್ತಿದ್ದರು.

ಮಾವ ಸಿಕ್ಕಿದ್ದು ಮಾರ್ಚಿನಲ್ಲಿ, ಜತ್ತದ ಬಸ್ ಸ್ಟ್ಯಾಂಡಿನಲ್ಲಿ. ಖಾಕಿ ಅಂಗಿ ಹಾಕಿದ್ದ. ತಲೆಗೆ ರುಮಾಲು ಇರಲಿಲ್ಲ. ರುಮಾಲು ಇಲ್ಲದ ಅವನ ತಲೆಯನ್ನು ದತ್ತಾ ಹಿಂದೆಂದೂ ನೋಡಿರಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಸಾಹೇಬ! ಬಾ, ಕುಂದರ. ಚಹಾ ಕುಡಿ.”

ಇಬ್ಬರೂ ಕಲ್ಲು ಬೆಂಚಿನ ಮೇಲೆ ಕೂತು ಚಹಾ ಕುಡಿದರು. ಅವ್ವ ಹೇಗಿದ್ದಾಳೆ ಎಂದು ಕೇಳಿದ. ಕುರಿ ಎಷ್ಟು ಉಳಿದವು ಎಂದು ಕೇಳಿದ. ದತ್ತಾ ಹೇಳಿದ. ಮಾವ ಖಾಕಿ ಅಂಗಿಯ ತೋಳು ಸರಿಮಾಡಿಕೊಂಡ.

“ರಾತ್ರಿ ಡೂಟಿ. ನಿದ್ದಿ ಮಾಡೂ ಹಂಗಿಲ್ಲ. ಕುಂತ ಕುಂತಲ್ಲೇ ಅದ ನೆನಪಾಗತೈತಿ. ನನ್ನ ಕಡಿಂದ ನಿಮ್ಮಪ್ಪನ ದಾರಿ ಹೋತು ನೋಡು. ಒಂದ ಬೊಗಸಿ ನೀರಿನ ಸಲುವಾಗಿ. ಕೊಡಬಾರದಾಗಿತ್ತು.”

“ಹಂಗ ಅನಬ್ಯಾಡ ಮಾವಾ. ಜೀಂವ ಉಳಿಸಿದಿ.”

“ಏನ ಉಳಿಸಿದೆ? ಅಂವಾ ಯಾರೋ ಏನೋ. ನನ್ನಾವ್ರು ಹ್ವಾದ್ರು.”

ಆಗ ಗಂಟು ಹೊತ್ತ ಒಬ್ಬ ಮುದುಕಿ ಅವರ ಮುಂದೆ ನಿಂತು ಕೇಳಿದಳು: “ಯಪ್ಪಾ, ಉಮದಿ ಬಸ್ ಎಲ್ಲಿ ನಿಂದರತೈತಿ?”

ಉಮದಿಯ ಬಸ್ಸು ಎದುರಿಗೇ ನಿಂತಿತ್ತು. ಅಮೋಗಸಿದ್ದ ಅದನ್ನು ನೋಡುತ್ತಲೇ ಕೂತಿದ್ದ. ದಾರಿ ಕೇಳಿದವರನ್ನು ಅರ್ಧ ಹರದಾರಿ ಜೊತೆಗೆ ನಡೆದು ಬಿಟ್ಟು ಬರುತ್ತಿದ್ದ ಮನುಷ್ಯ ಅವನು.

“ನನಗ ಗೊತ್ತಿಲ್ಲಬೇ,” ಎಂದ. “ಬ್ಯಾರೇದಾವ್ರನ್ನ ಕೇಳು.”

ದತ್ತಾ ಎದ್ದು ಮುದುಕಿಯನ್ನು ಬಸ್ಸಿಗೆ ಹತ್ತಿಸಿ ಬಂದ. ಮಾವ ಅದನ್ನು ನೋಡಿಯೂ ನೋಡದವನ ಹಾಗೆ ಕಪ್ಪು ಕೆಳಗಿಟ್ಟು, ಮೊಣಕಾಲು ಒತ್ತಿ ಹಿಡಿದು ಎದ್ದ. ಡ್ಯೂಟಿಗೆ ಹೊತ್ತಾಗಿತ್ತು. “ಅಕ್ಕಗ ಹೇಳಬ್ಯಾಡ ನಾ ಸಿಕ್ಕಿದ್ದೆ ಅಂತ. ಅಳತಾಳ,” ಎಂದ. ದತ್ತಾ ಆಗಲಿ ಎಂದ. ಹೆಗಲಿಗೆ ಚೀಲ ಹಾಕಿಕೊಂಡು ಕುಂಟುತ್ತ ಅವನು ಗೇಟಿನವರೆಗೆ ಹೋಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕೂಗಿದರೆ ಕೇಳಿಸುವಷ್ಟು ದೂರದಲ್ಲೇ ಅಷ್ಟು ಹೊತ್ತೂ ಇದ್ದ.

ಮಾವಾ, ಅದು ನೀನಲ್ಲ, ನಾನು, ಎಂದು ದತ್ತಾ ಹೇಳಲಿಲ್ಲ.